ಟೈಪ್‌ರೈಟರಿಗೂ ಮೌನದ ತಿಂಗಳು

ಮೇ 11, ಸೋಮವಾರ

ಇದನ್ನು ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ಇಂಥ ದಿನ ಬರುತ್ತದೆಂದು ಅಂದುಕೊಂಡಿರಲಿಲ್ಲ. ಅಕ್ರಾ ನಗರದ ಕೋರ್ಟಿನಲ್ಲಿ ಟೈಪಿಸ್ಟಾಗಿ ಸೇರಿದಂದಿನಿಂದ ದಿನಚರಿಯನ್ನೂ ಟೈಪ್ ಮಾಡಿಯೇ ಇಟ್ಟವನು ನಾನು. ನಿವೃತ್ತನಾದ ಮೇಲೂ ಬಿಟ್ಟಿಲ್ಲ. ನನ್ನ ಕೈಬರಹ ನೋಡಿದರೆ ನನಗೇ ನಾಚಿಕೆ, ಬರೀ ಕಾಗೆಕಾಲು ಗುಬ್ಬಿಕಾಲು.

ಇವತ್ತು ಪೂಜಾರಿಗಳು ಸಜ್ಜೆ ಬಿತ್ತಿ ಮೌನದ ತಿಂಗಳು ಸಾರಿದರು. ಇನ್ನು ನಗಾರಿ ಮತ್ತೆ ಮೊಳಗುವವರೆಗೆ ನಮ್ಮ ಕೇರಿಯಲ್ಲಿ ಡೋಲು ಇಲ್ಲ, ಮೈಕು ಇಲ್ಲ, ಚರ್ಚಿನಲ್ಲೂ ಚಪ್ಪಾಳೆ ಮೆಲ್ಲಗೆ. ಪ್ರತಿ ವರ್ಷದ ರೂಢಿ, ನನಗೇನೂ ತಕರಾರಿಲ್ಲ. ದೇವರುಗಳಿಗೂ ನಿದ್ದೆ ಬೇಕು. ಆದರೆ ಟೈಪ್‌ರೈಟರನ್ನು ಡೋಲಿನ ಜೊತೆ ಸೇರಿಸಬೇಕೆಂದು ಯಾವ ಪೂಜಾರಿಯೂ ಈವರೆಗೆ ಹೇಳಿರಲಿಲ್ಲ. ಹೇಳಿದವಳು ಪಕ್ಕದ ಮನೆಯ ಕೊರ್ಕೊಯ್.

ಕೊರ್ಕೊಯ್ ಕೆಂಕೆ ಎಂಬ ಹುಳಿ ಕಡುಬು ಮಾಡಿ ಮಾರುವವಳು. ಕೋಳಿ ಕೂಗುವ ಮೊದಲೇ ಎದ್ದು ಮೆಕ್ಕೆಜೋಳದ ಹುಳಿಹಿಟ್ಟು ತಿರುವುತ್ತಾಳೆ, ಮಧ್ಯಾಹ್ನ ಮಲಗಲು ನೋಡುತ್ತಾಳೆ. ಅವಳ ಎಡಗೋಡೆಗೆ ನಾನು, ಬಲಗೋಡೆಗೆ ಓಕಿನೆ. ಓಕಿನೆ ಒಂದು ಕಾಲದಲ್ಲಿ ಟೈಪಿಂಗ್ ಶಾಲೆಯ ಮೇಷ್ಟ್ರು. ನಮ್ಮಿಬ್ಬರಿಗೂ ಒಂದೇ ಹುಚ್ಚು, ಕೈಯಲ್ಲಿ ಹಿಡಿದು ಒಯ್ಯುವಂಥ ಹಳೆಯ ಟೈಪ್‌ರೈಟರುಗಳನ್ನು ಕೂಡಿಹಾಕುವುದು. ಮೂರನೆಯ ಹುಚ್ಚ ಕೊರ್ಕೊಯ್ ಗಂಡ ಲಾರ್ಯೆ. ಅವನು ತೀರಿಕೊಂಡು ಮೂರು ವರ್ಷವಾಯಿತು. ಅವನ ಯಂತ್ರಗಳನ್ನೆಲ್ಲ ಅವಳು ನೆಂಟರಿಗೆ ಹಂಚಿದಳು, ಒಂದನ್ನು ಬಿಟ್ಟು. ಅದು ಮಡಚುವ ಯಂತ್ರ. ಕಾಗದ ಹೊತ್ತು ಓಡುವ ಮೇಲಿನ ಕ್ಯಾರೇಜನ್ನು ಎತ್ತಿ ಮುಂದಕ್ಕೆ ಬಾಗಿಸಿದರೆ ಕೀಲಿಗಳ ಮೇಲೆ ಮಗುವಿನ ಹಾಗೆ ಮಲಗಿಬಿಡುತ್ತದೆ. ನನ್ನ ಮಂಚದ ಕೆಳಗೆ ಹನ್ನೊಂದು ಯಂತ್ರಗಳಿವೆ, ಹನ್ನೊಂದನ್ನೂ ಕೊಟ್ಟು ಅದೊಂದನ್ನು ತಂದೇನು.

ಬೆಳಿಗ್ಗೆ ನಮ್ಮಿಬ್ಬರನ್ನೂ ಜಗಲಿಗೆ ಕರೆದಳು.

"ಈ ಗೋಡೆಯಿಂದ ಟಕಟಕ, ಆ ಗೋಡೆಯಿಂದ ಟಕಟಕ. ಎಷ್ಟು ವರ್ಷದಿಂದ ನಾನು ಮಧ್ಯಾಹ್ನ ಕಣ್ಣು ಮುಚ್ಚಿಲ್ಲ ಗೊತ್ತಾ? ಈ ತಿಂಗಳು ದೇವ್ರ ಜೊತೆ ನಾನೂ ಮಲಗ್ತೀನಿ. ನಗಾರಿ ಏಳೋವರೆಗೆ ಯಾರ ಮಿಷನ್ ಸದ್ದು ನನ್ನ ಕಿವಿಗೆ ಬೀಳಲ್ವೋ, ಮಡಚೋ ಮಿಷನ್ ಅವರಿಗೆ."

ಇಬ್ಬರ ಸದ್ದೂ ಬೀಳದಿದ್ದರೆ ಏನು ಎಂದು ಕೇಳಿದೆ. ಕೋರ್ಟಿನಲ್ಲಿ ಕಲಿತ ಅಭ್ಯಾಸ.

"ಅಷ್ಟು ದೊಡ್ಡ ಪವಾಡ ಆದ್ರೆ ಆಗ್ಲಿ ಒಡಾರ್ಟೆ, ಅವಾಗ ನೋಡ್ಕೊಳ್ಳೋಣ" ಎಂದಳು.

ಮೇ 13, ಬುಧವಾರ

ಬೆರಳುಗಳು ಹೇಳಿದ ಮಾತು ಕೇಳುತ್ತಿಲ್ಲ. ಊಟದ ಮೇಜಿನ ಮೇಲೆ ತಾವಾಗಿಯೇ ಕುಣಿಯುತ್ತವೆ. ಇವತ್ತು ವ್ಯಾನಿನಲ್ಲಿ ಮಾರುಕಟ್ಟೆಗೆ ಹೋಗುವಾಗ ಮುಂದಿನ ಸೀಟಿನ ಬೆನ್ನಿನ ಮೇಲೆ 'ಮೇಲ್ಮನವಿಯನ್ನು ವಜಾ ಮಾಡಲಾಗಿದೆ' ಎಂದು ಪೂರ್ತಿ ಟೈಪ್ ಮಾಡಿದೆ. ಅದು ಸೀಟಿನ ಬೆನ್ನಾಗಿರಲಿಲ್ಲ, ಒಬ್ಬ ದಪ್ಪ ಹೆಂಗಸಿನ ಬೆನ್ನು. ಆಕೆ ತಿರುಗಿ ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಓಕಿನೆ ಮಾತ್ರ ಬೀದಿಯಲ್ಲಿ ಸಿಕ್ಕಾಗಲೆಲ್ಲ ಹಲ್ಲು ಕಿರಿಯುತ್ತಾನೆ. ಕಾರಣ ಗೊತ್ತು. ಅವನ ಹತ್ತಿರ ರೆಮಿಂಗ್ಟನ್ ನಾಯ್ಸ್‌ಲೆಸ್ ಇದೆ, ಸದ್ದು ಮಾಡಬಾರದೆಂದೇ ಕಟ್ಟಿದ ಯಂತ್ರ. ಬೇರೆಯವುಗಳಲ್ಲಿ ಅಚ್ಚು ಹೋಗಿ ಕಾಗದಕ್ಕೆ ಬಡಿದರೆ ಇದರಲ್ಲಿ ಮೆತ್ತಗೆ ಒತ್ತುತ್ತದೆ, ಬೆಕ್ಕು ಹೆಜ್ಜೆ ಇಟ್ಟ ಹಾಗೆ. ಅದನ್ನು ಅವನು ತಂದಾಗ ನಾನೂ ಲಾರ್ಯೆಯೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಖಾರವಿಲ್ಲದ ಮೆಣಸಿನ ಚಟ್ನಿ ಎಂದು ಅದಕ್ಕೆ ಹೆಸರಿಟ್ಟವನೇ ನಾನು. ಈಗ ನಗುವ ಸರದಿ ಅವನದು.

ಮೇ 16, ಶನಿವಾರ

ಶನಿವಾರ ಸಂಜೆ ನಮ್ಮ ಹೋಲಿಕೆಯ ಹೊತ್ತು. ಒಬ್ಬೊಬ್ಬರು ಒಂದೊಂದು ಯಂತ್ರ ತರುವುದು, ಯಾವುದು ಮೇಲು ಎಂದು ವಾದಿಸುವುದು, ತೀರ್ಮಾನವಾಗದೆ ಏಳುವುದು. ಟೈಪ್ ಮಾಡಿ ನೋಡುವಂತಿಲ್ಲವಾದ್ದರಿಂದ ಈ ಸಲ ಬೇಡವೆಂದಿದ್ದೆವು. ಆದರೆ ಕೊರ್ಕೊಯ್ ತನ್ನ ಜಗಲಿಯಲ್ಲೇ ನಡೆಸಿ ಎಂದಳು, ನಮ್ಮನ್ನು ಕಣ್ಣೆದುರಿಗೆ ಇಟ್ಟುಕೊಳ್ಳಲು.

ನಾನು ನೀಲಿ ಒಲಿವೆಟ್ಟಿ ತಂದೆ, ಅವನು ಹರ್ಮಿಸ್ ಬೇಬಿ. ಬೇಬಿ ಹಗುರ ಎನ್ನುವುದು ಜಗತ್ತಿಗೇ ಗೊತ್ತು, ನನಗೂ ಗೊತ್ತು. ಆದರೂ ಓಕಿನೆ ಹೇಳಿದ ಮೇಲೆ ಒಪ್ಪುವುದು ಹೇಗೆ? ಮುಚ್ಚಳ ಸೇರಿಸಿಯೋ ಬಿಟ್ಟೋ, ರಿಬ್ಬನ್ ಸಮೇತವೋ ಅಲ್ಲವೋ ಎಂದು ಎಳೆದಾಡಿದೆ. ಎಲ್ಲವೂ ಪಿಸುಮಾತಿನಲ್ಲಿ. ಪಿಸುಗುಟ್ಟುತ್ತ ಜಗಳವಾಡುವುದು ಬಹಳ ಕಷ್ಟ, ಸಿಟ್ಟು ಗಂಟಲಲ್ಲೇ ನಿಂತು ಕೆಮ್ಮು ಬರುತ್ತದೆ. ಕೊನೆಗೆ ಕೊರ್ಕೊಯ್ ಒಂದೊಂದು ಕೈಯಲ್ಲಿ ಒಂದೊಂದನ್ನು ಎತ್ತಿ ನೋಡಿ, ಎರಡೂ ದಂಡದ ಭಾರವೇ, ಊಟ ಮಾಡುತ್ತೀರಾ ಎಂದಳು.

ಕೆಂಕೆ, ಕರಿದ ಮೀನು. ನನಗೆ ಮರ್ಯಾದೆಯ ತುಂಡಾದ ಮೀನಿನ ತಲೆ ಹಾಕಿದಳು, ಓಕಿನೆಗೆ ಬಾಲ. ಇದನ್ನು ತೀರ್ಪಿನ ಮುನ್ಸೂಚನೆ ಎಂದು ಭಾವಿಸಲು ಅಡ್ಡಿಯಿಲ್ಲ.

ಮೇ 20, ಬುಧವಾರ

ಸಂಶೋಧನೆಯ ದಿನ. ನನ್ನ ಹನ್ನೊಂದರಲ್ಲಿ ಯಾವುದು ಎಲ್ಲಕ್ಕಿಂತ ಮೆಲ್ಲಗಿನದು ಎಂದು ತಿಳಿಯಲು ಅವಳು ಮಾರುಕಟ್ಟೆಗೆ ಹೋದ ಹೊತ್ತು ನೋಡಿಕೊಂಡೆ. ಒಂದೊಂದನ್ನೂ ಮೇಜಿನ ಮೇಲಿಟ್ಟು, ನಾನೂ ಅದೂ ಕಂಬಳಿಯೊಳಗೆ ಸೇರಿ ಒಂದೇ ಸಾಲು ಹೊಡೆದು ನೋಡಿದೆ. ನನ್ನಲ್ಲಿರುವ ದೊಡ್ಡ ಹರ್ಮಿಸ್ ಕಿಟಕಿಟಿ ಅನ್ನುತ್ತದೆ. ಇಂಪೀರಿಯಲ್ ಮುದುಕನ ಹಾಗೆ ಕೆಮ್ಮುತ್ತದೆ. ಒಲಿಂಪಿಯಾ ಕಂಬಳಿಯೊಳಗೂ ಕೋರ್ಟಿನಲ್ಲೇ ಇದ್ದೇನೆ ಎಂದುಕೊಂಡಿದೆ. ಬೆವರಿ ನೀರಾದೆ, ಕನ್ನಡಕಕ್ಕೆ ಹಬೆ ಕಟ್ಟಿತು, ಒಂದಕ್ಷರ ಕಾಣಲಿಲ್ಲ.

ಆಮೇಲೆ ಹೊಳೆಯಿತು. ಸದ್ದು ಯಂತ್ರದ್ದಲ್ಲ, ಮೇಜಿನದು. ಕೆಳಗೆ ಮೆತ್ತಗಿನದು ಏನಾದರೂ ಇದ್ದರೆ? ಸಂಜೆ ಕೊರ್ಕೊಯ್ ಹತ್ತಿರ ಒಂದು ಬೋಗುಣಿ ಹಸಿ ಹಿಟ್ಟು ಕೇಳಿದೆ. ಬೇಯಿಸದ ಹಿಟ್ಟು ಯಾತಕ್ಕೆ ಎಂದಳು. ಹೊಟ್ಟೆಗೆ ಒಳ್ಳೆಯದು ಎಂದೆ. ಬಾಗಿಲು ಹಾಕಿಕೊಂಡು ಹಿಟ್ಟನ್ನು ತಟ್ಟಿ, ಮೇಲೆ ಒಲಿವೆಟ್ಟಿ ಇಟ್ಟೆ. ಅದು ನಿಧಾನವಾಗಿ, ಬಹಳ ಮರ್ಯಾದೆಯಿಂದ, ಮುಳುಗಿತು. ಈಗ ಅದರ ಹೊಟ್ಟೆಯೊಳಗೆಲ್ಲ ಹುಳಿಹಿಟ್ಟು. ಹಲ್ಲುಜ್ಜುವ ಬ್ರಷ್ಷಿನಿಂದ ಕೆರೆಯುತ್ತ ಕೂತಿದ್ದೇನೆ. 'ಎ' ಅಕ್ಷರ ಇನ್ನೂ ಮೇಲೆ ಬಂದಿಲ್ಲ.

ಮೇ 21, ಗುರುವಾರ

ಹೊಟ್ಟೆ ಹೇಗಿದೆ ಎಂದು ಕೊರ್ಕೊಯ್ ಕೇಳಿಕೊಂಡು ಬಂದಳು. ಮೆಣಸಿನ ಸಾರು ತಂದಿದ್ದಳು. ಸುಳ್ಳು ಹೇಳಿದ್ದಕ್ಕೆ ಪೂರ್ತಿ ಕುಡಿಯಬೇಕಾಯಿತು. ರುಚಿಯಾಗಿತ್ತು.

ಮೇ 27, ಬುಧವಾರ

ಇದನ್ನು ಒದ್ದೆ ಬಟ್ಟೆಯಲ್ಲಿ ಬರೆಯುತ್ತಿದ್ದೇನೆ.

ಮೌನದ ನಿಯಮ ನೆಲಕ್ಕೆ ತಾನೆ? ಸಮುದ್ರದ ಮೇಲೆ ಎಷ್ಟು ಟೈಪ್ ಮಾಡಿದರೂ ಕೇಳುವವರು ಯಾರು? ಈ ವಾದ ಯಾವ ನ್ಯಾಯಾಧೀಶನೆದುರೂ ನಿಲ್ಲುತ್ತಿತ್ತು. ನಿನ್ನೆಯೇ ದೋಣಿಯ ಆಯಿಟೆಯ ಬಳಿ ಹೋಗಿದ್ದೆ. ದಡದ ತುಂಬ ದೋಣಿಗಳು ಖಾಲಿ ಕೂತಿದ್ದವು, ಆದರೆ ಅವನು ಬಲೆ ಹೊಲಿಯುತ್ತ ತಲೆಯಲ್ಲಾಡಿಸಿದ. ಮಂಗಳವಾರ ಸಮುದ್ರಕ್ಕೆ ರಜೆ ಎಂಬುದನ್ನು ಈ ವಯಸ್ಸಿನಲ್ಲಿ ನನಗೆ ಅವನು ನೆನಪಿಸಬೇಕಾಯಿತು. ಮೀನು ಹಿಡಿಯುವುದಿಲ್ಲ, ಟೈಪ್ ಅಷ್ಟೇ ಎಂದೆ. "ಸಮುದ್ರ ಮಲಗಿದೆ ತಾತ. ನೀನು ಅದರ ಕಿವಿ ಹತ್ರ ಹೋಗಿ ಟಕಟಕ ಅನ್ನಿಸ್ತೀಯಾ?" ಎಂದ. ಎಲ್ಲಿ ಹೋದರೂ ಯಾರೋ ಒಬ್ಬರು ಮಲಗಿರುತ್ತಾರೆ.

ಇವತ್ತು ಹೋದೆವು. ಒಲಿಂಪಿಯಾವನ್ನು ತೊಡೆಯ ಮೇಲಿಟ್ಟುಕೊಂಡು ಕಾಗದ ಏರಿಸಿದೆ. ದೋಣಿ ಎಡಕ್ಕೆ ವಾಲಿದರೆ ಕೀಲಿ ಒತ್ತಿದಷ್ಟೂ ಕ್ಯಾರೇಜು ಓಡುತ್ತದೆ. ಬಲಕ್ಕೆ ವಾಲಿದರೆ ಜಪ್ಪಯ್ಯ ಎಂದರೂ ಅಲುಗದು, ಒಂದೇ ಜಾಗದಲ್ಲಿ ಹತ್ತು ಅಕ್ಷರ. ದೊಡ್ಡ ಅಲೆ ಬಂದಾಗ ಸಾಲಿನ ಕೊನೆಗೆ ತಾನಾಗಿ ಹೋಗಿ ಗಂಟೆ ಹೊಡೆಯಿತು. ಅದನ್ನು ಕೇಳಿ ಆಯಿಟೆಯ ಆಳುಗಳು ಬಲೆ ಬಿಟ್ಟು ನಕ್ಕರು. ಮುಂದಿನ ಅಲೆ ನೇರ ನನ್ನ ಮಡಿಲಿಗೆ ಬಂತು. ಅಷ್ಟು ದೂರ ಹೋಗಿ ಟೈಪ್ ಮಾಡಿದ ಕಾಗದದಲ್ಲಿ ಓದಲು ಬರುವುದು ಒಂದೇ ಪದ. ನೋಡಿದರೆ ಅದು 'ಕೊರ್ಕೊಯ್' ಎಂದಿದೆ. ಬೆರಳಿಗೆ ಅಭ್ಯಾಸವಾದ ಪದವಿರಬೇಕು. ಹಿಂದೆ ಯಾವ ಕಾಗದದಲ್ಲಿ ಹೊಡೆದಿದ್ದೆನೋ ನೆನಪಿಲ್ಲ.

ಮೇ 30, ಶನಿವಾರ

ಓಕಿನೆ ಮೋಸ ಮಾಡುತ್ತಿದ್ದಾನೆಂದು ನನಗೆ ಖಾತ್ರಿಯಾಗಿದೆ. ನಾಯ್ಸ್‌ಲೆಸ್ ಇಟ್ಟುಕೊಂಡು ಸುಮ್ಮನಿರುವ ಟೈಪಿಸ್ಟ್ ಈ ಭೂಮಿಯ ಮೇಲೆ ಇಲ್ಲ. ಇವತ್ತು ಮಧ್ಯಾಹ್ನ ಅವನ ಮನೆಯ ಹಿಂಗೋಡೆಗೆ ಕಿವಿಯಿಟ್ಟು ನಿಂತೆ. ಏನೂ ಕೇಳಿಸಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಆ ಯಂತ್ರ ಟೈಪ್ ಮಾಡುವಾಗ ಏನೂ ಕೇಳಿಸುವುದಿಲ್ಲವಲ್ಲ!

ಗೆದ್ದ ಖುಷಿಯಲ್ಲಿ ಮನೆಗೆ ಬಂದರೆ ನನ್ನ ಹಿಂಗೋಡೆಗೆ ಕಿವಿಯಿಟ್ಟು ಓಕಿನೆ ನಿಂತಿದ್ದಾನೆ.

ಹಲ್ಲಿ ಹುಡುಕುತ್ತಿದ್ದೆ ಎಂದ. ನಾನೂ ಅದನ್ನೇ ಹುಡುಕಲು ನಿನ್ನ ಮನೆಗೆ ಹೋಗಿದ್ದೆ ಎಂದೆ. ಸ್ವಲ್ಪ ಹೊತ್ತು ಇಬ್ಬರೂ ನಿಜವಾಗಿಯೇ ಹಲ್ಲಿ ಹುಡುಕಿದೆವು. ಆಮೇಲೆ ಅವನು ಕಲ್ಲಿನ ಮೇಲೆ ಕೂತು ನಿಟ್ಟುಸಿರು ಬಿಟ್ಟ.

"ಎರಡು ಸಾಲು ಹೊಡೆದೆ ಕಣಯ್ಯಾ, ಅದರಲ್ಲಿ. ಹೊಡೆದ ಹಾಗೇ ಅನ್ನಿಸ್ಲಿಲ್ಲ. ಕನಸಲ್ಲಿ ಊಟ ಮಾಡ್ದಂಗೆ. ನೀವಿಬ್ರೂ ಅವತ್ತು ನಕ್ಕಿದ್ದು ಸರಿನೇ."

ಇದನ್ನು ಕೇಳಲು ಎಷ್ಟೋ ವರ್ಷ ಕಾದಿದ್ದೆ. ಕೇಳಿದ ಮೇಲೆ ಪಾಪ ಎನಿಸಿತು. ಹೋಗಲಿ, ಬೇಬಿ ಹಗುರವೇ ಎಂದು ಒಪ್ಪಿಕೊಂಡೆ.

ಜೂನ್ 2, ಮಂಗಳವಾರ

ಟೈಪ್ ಮಾಡದಿದ್ದರೆ ಮಧ್ಯಾಹ್ನ ಎಷ್ಟು ಉದ್ದ! ಮಂಚದ ಮೇಲೆ ಬಿದ್ದುಕೊಂಡರೆ ಗೋಡೆಯಾಚೆಯಿಂದ ಕೊರ್ಕೊಯ್ ಗೊರಕೆ ಕೇಳಿಸುತ್ತದೆ. ಇಷ್ಟು ವರ್ಷ ನನ್ನ ಸದ್ದಿನಲ್ಲಿ ನನಗೆ ಗೊತ್ತೇ ಆಗಿರಲಿಲ್ಲ (ಅವಳು ಮಲಗಿದ್ದರೆ ತಾನೆ ಗೊತ್ತಾಗಲು). ಹೋಲಿಸುವ ಚಾಳಿ ಬಿಡದು, ಆದ್ದರಿಂದ ಬರೆದಿಡುತ್ತೇನೆ. ಶುರುವಿನಲ್ಲಿ ಇಂಪೀರಿಯಲ್ ಹಾಗೆ ಗಡುಸು. ನಡುವೆ ಒಲಿವೆಟ್ಟಿಯ ಹಾಗೆ ನಯ, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ. ಸಾಲಿನ ಕೊನೆಗೆ ಗಂಟೆಯ ಬದಲು ಒಂದು ಸಣ್ಣ ಸೀಟಿ, ಒಂದು ಕ್ಷಣ ಮೌನ, ನಂತರ ಹೊಸ ಸಾಲು. ಕೆಲಸ ಬಹಳ ಅಚ್ಚುಕಟ್ಟು. ಇಂಥದು ನನ್ನ ಸಂಗ್ರಹದಲ್ಲಿ ಒಂದೂ ಇಲ್ಲ.

ಜೂನ್ 4, ಗುರುವಾರ

ಇವತ್ತು ಸೀಟಿ ಬರಲಿಲ್ಲ. ಕಾದೆ. ಗೊರಕೆಯೂ ಇಲ್ಲ. ಎದ್ದು ಓಡಾಡಿದೆ, ಮತ್ತೆ ಕಿವಿಯಿಟ್ಟೆ, ಕೊನೆಗೆ ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿ ಓಡಿದೆ. ಅವಳು ಹಿತ್ತಲಿನಲ್ಲಿ ಕೂತು ಕೆಂಕೆ ಸುತ್ತುವ ಮೆಕ್ಕೆಜೋಳದ ಸಿಪ್ಪೆ ನೆನೆಹಾಕುತ್ತಿದ್ದಳು. ಏನಾಯಿತು ಎಂದಳು. ಏನೂ ಇಲ್ಲ, ಸೀಟಿ ಕೇಳಲಿಲ್ಲ ಎಂದೆ. ಯಾವ ಸೀಟಿ ಎಂದಳು. ನಾನೂ ಪಕ್ಕದಲ್ಲಿ ಕೂತು ಸಿಪ್ಪೆ ತೊಳೆದೆ. ಬೆರಳುಗಳಿಗೆ ಕೆಲಸ ಸಿಕ್ಕಿದ್ದರಿಂದಲೋ ಏನೋ ಮನಸ್ಸಿಗೆ ಹಾಯೆನಿಸಿತು. ನಾಳೆಯೂ ಹೋಗಬೇಕು, ಬೆರಳುಗಳ ಆರೋಗ್ಯಕ್ಕೆ.

ಜೂನ್ 6, ಶನಿವಾರ

ಹಾಳಾಯಿತು. ಎಲ್ಲ ಹಾಳಾಯಿತು.

ಮಧ್ಯಾಹ್ನ ತೂಕಡಿಸುತ್ತಿದ್ದೆ. ನಗಾರಿ ಕೇಳಿಸಿತು. ಒಂದಲ್ಲ, ಹತ್ತಾರು, ಜೊತೆಗೆ ಕೇಕೆ, ಕೊಂಬು. ಮೌನ ಮುಗಿಯಿತು! ಹಿಂದೆ ಮುಂದೆ ನೋಡಲಿಲ್ಲ. ಒಲಿಂಪಿಯಾವನ್ನು ಬರಿಯ ಮೇಜಿನ ಮೇಲೆ, ಕಂಬಳಿ ಹಿಟ್ಟು ಒಂದೂ ಇಲ್ಲದೆ, ಧಡ್ಡೆಂದು ಇಟ್ಟು ಶುರು ಮಾಡಿದೆ. ಎಂಥ ವೇಗ! ಏನು ಹೊಡೆದೆನೋ ದೇವರಿಗೇ ಗೊತ್ತು. ಒಂದೂವರೆ ಪುಟ, ಪ್ರತಿ ಸಾಲಿಗೂ ಗಂಟೆ.

ಎರಡನೆಯ ಪುಟದ ನಡುವೆ ಬಾಗಿಲು ತಟ್ಟಿದರು. ತಲೆಗೆ ಕೆಂಪು ಪಟ್ಟಿ ಕಟ್ಟಿ ಮೌನ ಕಾಯುವ ಮೂವರು ಕಾವಲಿನವರು. ನಗಾರಿ ಹಿನ್ನೀರಿನ ಆಚೆ ದಡದ್ದು. ಅವರ ಪೂಜಾರಿ ಬೇರೆ, ಅವರ ದಿನ ಬೇರೆ, ಅವರದು ಮುಗಿದಿದೆ, ನಮ್ಮದು ಗುರುವಾರಕ್ಕೆ. ಇದು ಹಾಲು ಕುಡಿಯುವ ಮಗುವಿಗೂ ಗೊತ್ತು. ಗಾಳಿ ಈ ಕಡೆಗೆ ಬೀಸುತ್ತಿತ್ತು, ನನ್ನ ಬುದ್ಧಿ ಆ ಕಡೆಗೆ ಹೋಗಿತ್ತು.

ಡೋಲು ಎಲ್ಲಿ ಎಂದರು. ಒಲಿಂಪಿಯಾ ತೋರಿಸಿದೆ. ಅದನ್ನು ಸುತ್ತ ತಿರುಗಿಸಿ ನೋಡಿ, ತೊಗಲು ಎಲ್ಲಿದೆ ಎಂದು ಒಬ್ಬ ಕೇಳಿದ. ಹೊತ್ತುಕೊಂಡು ಹೋಗಿ ಹಿರಿಯರ ಮುಂದೆ ಇಡಬೇಕೆಂದು ಇನ್ನೊಬ್ಬ. ಆ ಹೊತ್ತಿಗೆ ಕೊರ್ಕೊಯ್ ಬಂದಳು. ಕೆನ್ನೆಯ ಮೇಲೆ ದಿಂಬಿನ ಗೆರೆ ಹಾಗೇ ಇತ್ತು. ಎಬ್ಬಿಸಿದವನು ನಾನೇ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಏನಪ್ಪಾ ಗಲಾಟೆ? ನಾನು ಪಕ್ಕದಲ್ಲೇ ಮಲಗಿದ್ದೆ. ನಂಗೇನೂ ಕೇಳಿಸ್ಲಿಲ್ಲ. ನಿಮ್ಮದೇ ಸದ್ದು ಜಾಸ್ತಿ ಆಯ್ತು."

ಅವಳ ಮನೆತನ ಪೂಜಾರಿಗಳದು, ಅವಳ ಮಾತಿಗೆ ಎದುರಾಡುವವರಿಲ್ಲ. ಮೂವರೂ ತಲೆ ತಗ್ಗಿಸಿ ಹೋದರು. ನನ್ನನ್ನು ಒಮ್ಮೆ ನೋಡಿ, ಬಾಗಿಲು ಎಳೆದುಕೊಂಡು ಅವಳೂ ಹೋದಳು.

ಜೂನ್ 7, ಭಾನುವಾರ

ಸಿಪ್ಪೆ ತೊಳೆಯಲು ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ?

ಜೂನ್ 9, ಮಂಗಳವಾರ

ಯಂತ್ರಗಳ ಧೂಳು ಒರೆಸಿದೆ. ಮೂರು ಒರೆಸಿ ಬಿಟ್ಟೆ. ಮಡಚುವ ಯಂತ್ರ ಕೈತಪ್ಪಿತೆಂದು ಬೇಸರವಾಗಬೇಕಿತ್ತು. ಆಗಿದೆ ಎಂದೇ ಅಂದುಕೊಂಡಿದ್ದೇನೆ, ಬೇರೆ ಬೇಸರವಿರಲು ಕಾರಣವಿಲ್ಲ. ಮಧ್ಯಾಹ್ನ ಗೊರಕೆ ಇತ್ತು, ಸೀಟಿ ಸಮೇತ. ಒಂದು ಸಮಾಧಾನ.

ಜೂನ್ 11, ಗುರುವಾರ

ನಮ್ಮ ನಗಾರಿ ಎದ್ದಿತು. ಊರಿಗೆ ಊರೇ ಬೀದಿಯಲ್ಲಿ. ಕೊರ್ಕೊಯ್ ನಮ್ಮಿಬ್ಬರನ್ನೂ ಜಗಲಿಗೆ ಕರೆಸಿದಳು. ಮಡಚುವ ಯಂತ್ರ ಬಿಳಿ ಬಟ್ಟೆಯ ಮೇಲೆ ಕೂತಿತ್ತು. ನಾನು ಕಟಕಟೆಯ ಆರೋಪಿಯ ಹಾಗೆ ನಿಂತೆ.

ತನಗೆ ಇಬ್ಬರ ಸದ್ದೂ ಕೇಳಿಸಲಿಲ್ಲ ಎಂದಳು. ಓಕಿನೆ ಹಾರಿಬಿದ್ದ. ಒಡಾರ್ಟೆಯ ಗಂಟೆ ತನ್ನ ಮನೆವರೆಗೂ ಕೇಳಿಸಿತು ಎಂದ.

"ನಿನ್ನ ಕಿವಿಯ ಮಾತು ಯಾರಾಡಿದ್ರು? ನಾನು ಹೇಳಿದ್ದು ನನ್ನ ಕಿವಿ" ಎಂದಳು. ಆಮೇಲೆ ಯಂತ್ರವನ್ನು ಎತ್ತಿ ಓಕಿನೆಯ ಕೈಗೆ ಕೊಟ್ಟಳು. ಅವಳ ಮನಸ್ಸು ಬದಲಾದೀತೆಂದು ಅವನು ಥ್ಯಾಂಕ್ಸ್ ಕೂಡ ಹೇಳದೆ ಅದನ್ನು ತಬ್ಬಿಕೊಂಡು ಓಡಿದ.

ನಾನು ದೂರುತ್ತಿಲ್ಲ, ಆದರೆ ತೀರ್ಪಿಗೆ ಆಧಾರ ಏನೆಂದು ತಿಳಿಯುವ ಹಕ್ಕು ನನಗಿದೆ ಎಂದೆ. ಅವಳು ಕುರ್ಚಿ ಎಳೆದು ನನ್ನೆದುರು ಹಾಕಿದಳು. ಲಾರ್ಯೆ ಕೂರುತ್ತಿದ್ದ ಕುರ್ಚಿ. ಅವನು ಹೋದ ಮೇಲೆ ಅದರಲ್ಲಿ ಯಾರೂ ಕೂತದ್ದನ್ನು ನಾನು ನೋಡಿಲ್ಲ.

"ಆ ಮಿಷನ್ ಯಾರಿಗೆ ಕೊಟ್ರೂ ಅವನು ಎತ್ಕೊಂಡು ಮನೆಗೆ ಹೋಗ್ತಾನೆ, ಆಮೇಲೆ ಈ ಕಡೆ ತಲೆ ಹಾಕಲ್ಲ. ಯಾರು ಮನೆಗೆ ಹೋಗ್ಲಿ ಅಂತ ತಿಂಗಳೆಲ್ಲಾ ಯೋಚಿಸ್ದೆ. ಓಕಿನೆನೇ ಹೋಗ್ಲಿ ಅನ್ನಿಸ್ತು."

ಇದು ನನ್ನ ಪ್ರಶ್ನೆಗೆ ಉತ್ತರವಲ್ಲ ಎಂದು ವಿವರಿಸಿದೆ. ಅವಳು ನಕ್ಕು ತಟ್ಟೆ ತಂದಿಟ್ಟಳು. ಮೀನಿನ ತಲೆ. ತೀರ್ಪಿನ ವಿಷಯ ಶನಿವಾರ ಮತ್ತೆ ಎತ್ತಬೇಕು. ವಿಚಿತ್ರವೆಂದರೆ ಸಿಟ್ಟು ಬರುತ್ತಿಲ್ಲ. ಊಟ ಜಾಸ್ತಿಯಾಗಿರಬೇಕು.

ಜೂನ್ 20, ಶನಿವಾರ

ಶನಿವಾರದ ಹೋಲಿಕೆಗೆ ಓಕಿನೆ ಬರಲಿಲ್ಲ. ಮಡಚುವುದು ಬಿಚ್ಚುವುದು ಅದೇ ಕೆಲಸ ಅವನಿಗೆ. ನಾನು ಒಲಿಂಪಿಯಾವನ್ನು ಮಧ್ಯಾಹ್ನವೇ ತಂದು ಕೊರ್ಕೊಯ್ ಜಗಲಿಯಲ್ಲಿಟ್ಟೆ. ಇಲ್ಲಿನ ಗಾಳಿ ಯಂತ್ರಕ್ಕೆ ಒಳ್ಳೆಯದು. ಈಗ ಯಾವ ನಿಷೇಧವೂ ಇಲ್ಲ, ದಿನವಿಡೀ ಟೈಪ್ ಮಾಡಬಹುದು. ಪೆನ್ನಿನಲ್ಲಿ ಬರೆಯುತ್ತಿರುವುದು ರಿಬ್ಬನ್ ಒಣಗಿರುವುದರಿಂದ ಮಾತ್ರ. ಹೊಸ ರಿಬ್ಬನ್ ಜೇಬಿನಲ್ಲಿದೆ, ಹಾಕಿಕೊಳ್ಳಲು ಪುರುಸೊತ್ತಾಗಿಲ್ಲ. ಒಳಗೆ ಅವಳು ಮಲಗಿದ್ದಾಳೆ.

ಈಗತಾನೆ ಬೀದಿಯ ತಿರುವಿನಿಂದ ಡೋಲಿನವರ ಗುಂಪು ಬಂತು. ಹಬ್ಬದ ಹುಮ್ಮಸ್ಸು, ಕಿವಿ ತೂತಾಗುವ ಹಾಗೆ ಬಡಿಯುತ್ತಿದ್ದರು. ನಾನು ಎದ್ದು ಹೋಗಿ ಬೀದಿಯ ನಡುವೆ ತುಟಿಯ ಮೇಲೆ ಬೆರಳಿಟ್ಟು ನಿಂತೆ. ಎಲ್ಲರ ಮುಂದಿದ್ದವನು ಡೋಲು ನಿಲ್ಲಿಸಿ ನಕ್ಕ. ಅವತ್ತು ಒಲಿಂಪಿಯಾದಲ್ಲಿ ತೊಗಲು ಹುಡುಕಿದವನೇ.

"ಮೌನದ ತಿಂಗಳು ಮುಗೀತಲ್ಲ ತಾತ."

"ಊರಲ್ಲಿ ಮುಗೀತು. ನಮ್ಮನೇಲಿ ಇನ್ನೂ ಇದೆ" ಎಂದೆ.

ಪಾಪ, ತುದಿಗಾಲಲ್ಲಿ ಹೋದರು. ಕೊರ್ಕೊಯ್ ಮನೇಲಿ ಎನ್ನಬೇಕಿತ್ತು. ಅವಸರದಲ್ಲಿ ಬಾಯಿಗೆ ಹಾಗೆ ಬಂತು. ಇದನ್ನು ಟೈಪ್ ಮಾಡಿದ್ದರೆ ಆ ಪದದ ಮೇಲೆ ಅಡ್ಡಗೆರೆ ಹೊಡೆದು ಸರಿಪಡಿಸುತ್ತಿದ್ದೆ. ಪೆನ್ನಿನಲ್ಲಿಯೂ ಹೊಡೆಯಬಹುದು. ಇರಲಿ, ಆ ಪದ ಉಳಿಸಲೋ ಹೊಡೆಯಲೋ ಎಂದು ಅವಳು ಎದ್ದ ಮೇಲೆ ಕೇಳಿ ನೋಡುತ್ತೇನೆ.